ಇಲಿ ಮುಟ್ಟದ ಹೆಡ್ ಸಾರ್

ಇದು ನಡೆದಾಗ ನನಗೆ ಐವತ್ತೊಂಬತ್ತು. ಅದಾಗಿ ಎಂಟು ವರ್ಷವಾಯಿತು. ಅವನನ್ನು ನೆನೆದರೆ ಈಗಲೂ ಮೊದಲು ಕಣ್ಣಿಗೆ ಬರುವುದು ಮುಖವಲ್ಲ, ಎಡಗೈ ಕಿರುಬೆರಳಿನ ಉಗುರು. ಉಳಿದ ಒಂಬತ್ತನ್ನು ಮೋಟಾಗಿ ಕತ್ತರಿಸಿ, ಆ ಒಂದನ್ನು ಮಾತ್ರ ಹುಣಸೆಬೀಜದಷ್ಟು ಉದ್ದ ಬಿಟ್ಟಿದ್ದ. ಅಂಚು ಹಳದಿಗಟ್ಟಿತ್ತು. ಅದರಲ್ಲೇ ಕಿವಿ ತೋಡುತ್ತಿದ್ದ, ಅದರಲ್ಲೇ ಔಷಧಿ ಸೀಸೆಯ ಮುಚ್ಚಳ ಎಬ್ಬಿಸುತ್ತಿದ್ದ, ಅದರಲ್ಲೇ ಹುಡುಗರು ಬರೆದ ಸಾಲಿನ ಕೆಳಗೆ ಗೀರಿ ‘ಇದು ಎಂಥದು, ಇದು ಎಂಥದು’ ಅಂತ ಕೇಳುತ್ತಿದ್ದ.

ಎದುರಿಗೆ ‘ಸಾರ್, ನೀವು’ ಅನ್ನುತ್ತಿದ್ದೆ. ಇಲ್ಲಿ ‘ಅವನು’ ಅಂತಲೇ ಬರೆಯುತ್ತೇನೆ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ಒಂದೇ ಒಂದು ಸಂಜೆ ಬಿಟ್ಟರೆ ನನ್ನನ್ನು ‘ಏ ಇವಳೇ’ ಅಂತಲೇ ಕರೆದವನು. ಸತ್ತ ಮಾತ್ರಕ್ಕೆ ದೊಡ್ಡವನಾಗುವುದಿಲ್ಲ.

ಹೋದ ವರ್ಷ ಸೊರಬದಲ್ಲಿ ತೀರಿಕೊಂಡ. ಮನೆ ಮುಂದೆ ಶಾಮಿಯಾನ ಹಾಕಿ ನುಡಿನಮನ ಇಟ್ಟಿದ್ದರು. ಒಬ್ಬರು ‘ಶಿಸ್ತಿನ ಸಿಪಾಯಿ’ ಅಂದರು. ಇನ್ನೊಬ್ಬರು ‘ಮೂಢನಂಬಿಕೆಯ ವೈರಿ’ ಅಂದರು. ಆಗ ನನಗೆ ನಗು ತಡೆಯಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಪಕ್ಕದಲ್ಲಿದ್ದ ಹೆಂಗಸು ನಾನು ಅಳುತ್ತಿದ್ದೇನೆ ಅಂತ ತಿಳಿದು ಬೆನ್ನು ಸವರಿ ನೀರು ಕೊಟ್ಟಳು. ಕುಡಿದೆ. ಬಿಸಿಲಿತ್ತು.

ಈಗ ಅವನ ನೆನಪಿಗೆ ಒಂದು ಪುಸ್ತಕ ಮಾಡುತ್ತಾರಂತೆ. ಗೊತ್ತಿದ್ದವರೆಲ್ಲ ಬರೆಯಬೇಕಂತೆ. ನಾನು ಓದಿದ್ದು ಮೂರನೇ ಇಯತ್ತೆ. ಬರೆದರೆ ಹೊಗಳಬೇಕು ಅಂತ ಯಾರೂ ಹೇಳಲಿಲ್ಲ, ಹಾಗಾಗಿ ಬರೆಯುತ್ತೇನೆ. ಹಾಕದಿದ್ದರೆ ಬಿಡಲಿ.

ಶಿಕಾರಿಪುರದ ಹೊರಗೆ ಸೊರಬದ ರಸ್ತೆಯಲ್ಲಿ ಆಗ ಒಂದು ಔಷಧ ಕಾಲೇಜು ಇತ್ತು. ಈಗ ಆ ಕಟ್ಟಡ ಕಲ್ಯಾಣ ಮಂಟಪ. ಇಲಿಗಳಿದ್ದ ಕೋಣೆಯಲ್ಲಿ ಅಡಿಗೆಯವರು ಪಾತ್ರೆ ಇಡುತ್ತಾರೆ. ಅಲ್ಲಿ ನಾನು ಅಟೆಂಡರ್. ಹೆಸರು ಹಾಗೆ. ಕೆಲಸ ಅಂದರೆ ಗುಡಿಸುವುದು, ಗಾಜಿನ ಸಾಮಾನು ತೊಳೆಯುವುದು, ಬಿಳಿ ಇಲಿಗಳನ್ನು ಸಾಕುವುದು. ಅವನು ಇಲಿಗಳಿದ್ದ ವಿಭಾಗಕ್ಕೆ ಹೆಡ್. ಇಲಿಗಳ ಮೇಲೆ ಔಷಧಿ ನೋಡಿ ನೋಡಿಯೇ ದೊಡ್ಡ ಡಾಕ್ಟರ್ ಪದವಿ ಪಡೆದವನಂತೆ. ನಾನಿದ್ದ ಹದಿಮೂರು ವರ್ಷದಲ್ಲಿ ಅವನು ಒಂದು ಇಲಿಯನ್ನೂ ಮುಟ್ಟಿದ್ದನ್ನು ನಾನು ಕಾಣೆ. ಬಾಗಿಲಲ್ಲಿ ಮೂಗಿಗೆ ಕರವಸ್ತ್ರ ಹಿಡಿದು ನಿಂತು, ‘ಆ ಮೂರನೇದನ್ನ ಎತ್ತು, ಬಾಲ ತೋರಿಸು, ಸಾಕು, ಇಡು’ ಅನ್ನುತ್ತಿದ್ದ.

ಒಂದು ದಿನ ಪಂಜರ ತೊಳೆಯುವಾಗ ಒಂದು ಇಲಿ ಕೈತಪ್ಪಿ ಹೊರಗೆ ಓಡಿತು. ನಾನು ಪೊರಕೆ ಹಿಡಿದು ಹಿಂದೆ ಹೋದರೆ ಅವನು ಸ್ಟೂಲಿನ ಮೇಲೆ ನಿಂತಿದ್ದಾನೆ, ಪ್ಯಾಂಟನ್ನು ಮೊಣಕಾಲಿಗೆ ಎತ್ತಿಕೊಂಡು.

“ಹಿಡಿ ಮಾರಾಯ್ತಿ, ಹಿಡಿ! ಎಂಥ ನೋಡ್ತಾ ನಿಂತಿದೀಯ?”

“ಅದು ಮೇಜಿನ ಕೆಳಗೈತ್ರೀ ಸಾರ್. ನಿಮ್ಮನ್ನ ನೋಡಿ ಹೆದರೈತಿ. ನೀವು ಇಳೀರಿ, ಅದು ಬರ್ತೈತಿ.”

ಅವನು ಇಳಿಯಲಿಲ್ಲ. ಇಲಿಯನ್ನು ನಾನೇ ಸೆರಗಿನಲ್ಲಿ ಹಿಡಿದೆ. ಮರುವಾರ ಇಲಿಕೋಣೆಯ ಬಾಗಿಲಿಗೆ ‘ಅನುಮತಿ ಇಲ್ಲದೆ ಪ್ರವೇಶವಿಲ್ಲ’ ಅಂತ ಬೋರ್ಡು ಬಂತು. ಆ ಬೋರ್ಡನ್ನು ಅವನಷ್ಟು ನಿಷ್ಠೆಯಿಂದ ಪಾಲಿಸಿದವರು ಇನ್ನೊಬ್ಬರಿಲ್ಲ.

ಬಿಳಿ ಕೋಟು ಹಾಕಿಕೊಂಡೇ ಸಂತೆಗೆ ಹೋಗುತ್ತಿದ್ದ. ಕ್ಷೌರದ ಅಂಗಡಿಗೂ ಹಾಗೇ. ಹುಡುಗರು ಲ್ಯಾಬಿನಲ್ಲಿ ಒಂದು ತುಂಡು ಬಿಸ್ಕತ್ತು ಬಾಯಿಗಿಟ್ಟರೆ ಹೊರಗೆ ನಿಲ್ಲಿಸುತ್ತಿದ್ದ. ಅವನ ಹೆಂಡತಿ ಕಳಿಸುತ್ತಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಮಾತ್ರ ಅದೇ ಲ್ಯಾಬಿನ ಫ್ರಿಜ್ಜಿನಲ್ಲಿ, ಇಲಿಯ ರಕ್ತದ ಸೀಸೆಗಳ ಪಕ್ಕದಲ್ಲಿ ಇರುತ್ತಿತ್ತು. ಯಾರಾದರೂ ನೋಡಿದರೆ ‘ಅದು ಸ್ಯಾಂಪಲ್ಲು’ ಅನ್ನುತ್ತಿದ್ದ. ಮಧ್ಯಾಹ್ನ ಊಟಕ್ಕೆ ಆ ಸ್ಯಾಂಪಲ್ಲಿನಿಂದ ಎರಡು ಮಿಡಿ ತೆಗೆಯುತ್ತಿದ್ದ.

ಒಳ್ಳೆಯದು ಒಂದಿದೆ. ಬರೆಯದಿದ್ದರೆ ನಾನೂ ಅವನ ಸಾಲಿಗೆ ಸೇರುತ್ತೇನೆ.

ಲ್ಯಾಬಿನಲ್ಲಿ ಒಂದು ಡೀಪ್ ಫ್ರೀಜರ್ ಇತ್ತು. ಐಸ್‌ಕ್ರೀಮ್ ಅಂಗಡಿಯವರು ಇಡುತ್ತಾರಲ್ಲ, ಮೇಲಿನಿಂದ ಮುಚ್ಚಳ ಸರಿಸುವಂಥದು. ಅದರ ಮೈಮೇಲೆ ಕೆಂಪು ಅಂಕಿ ಉರಿಯುತ್ತಿತ್ತು. ಬೆಳಿಗ್ಗೆ ಬಂದ ಕೂಡಲೇ ಒಂದು ಸಲ, ಹೋಗುವಾಗ ಒಂದು ಸಲ ಆ ಅಂಕಿಯನ್ನು ಪುಸ್ತಕದಲ್ಲಿ ಬರೆದು ಸಹಿ ಮಾಡುವುದು ನನ್ನ ಕೆಲಸ. ಅಂಕಿ ನನಗೆ ಬರುತ್ತಿತ್ತು. ಆದರೆ ಇಪ್ಪತ್ತರ ಹಿಂದೆ ಒಂದು ಅಡ್ಡಗೆರೆ ಯಾಕೆ ಅಂತ ತಿಳಿಯಲಿಲ್ಲ. ಕೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅವತ್ತು ಏನಾಗಿತ್ತೋ, ಕುರ್ಚಿ ಎಳೆದುಕೊಂಡು ಕೂತ.

“ನಿಂದು ತವರು ಎಲ್ಲಿ?”

“ತಾಳಗುಂದ ರೀ.”

“ದೇವಸ್ಥಾನದ ಹತ್ರ ಹೊಂಡ ಉಂಟಲ್ಲ? ನೀರಿನ ಮಟ್ಟ ಸೊನ್ನೆ ಅಂತ ತಿಳ್ಕೋ. ನೀರಿನ ಮೇಲೆ ಕಾಣೋ ಮೆಟ್ಟಿಲು ಒಂದು, ಎರಡು, ಮೂರು. ನೀರಿನೊಳಗೂ ಮೆಟ್ಟಿಲು ಇರ್ತಾವೆ, ಕಾಲಿಗೆ ಸಿಗ್ತಾವೆ. ಅವನ್ನೂ ಎಣಿಸಬೇಕಲ್ಲ? ಒಳಗಿನ ಮೆಟ್ಟಿಲಿಗೆ ಹಿಂದೆ ಒಂದು ಅಡ್ಡಗೆರೆ. ಮೇಲಿನದಾದ್ರೆ ಆ ಅಡ್ಡಗೆರೆ ಮೇಲೆ ಒಂದು ನಿಂತ ಗೆರೆನೂ ಎಳಿ. ಗೊತ್ತಾಯ್ತಾ?”

ಗೊತ್ತಾಯಿತು. ಹೊಂಡದ ಒಳಗಿನ ಪಾಚಿ ಮೆಟ್ಟಿಲು ನನ್ನ ಕಾಲಿಗೆ ಚೆನ್ನಾಗಿ ಗೊತ್ತಿದ್ದವು. ಇಪ್ಪತ್ತು ಮೆಟ್ಟಿಲು ಕೆಳಗೆ ಎಷ್ಟು ತಣ್ಣಗಿರುತ್ತದೆ ಅಂತ ಊಹಿಸಿಕೊಂಡೆ. ಅಷ್ಟು ಚಂದ ನನಗೆ ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ. ಆ ಅರ್ಧ ಗಂಟೆ ಅವನು ಮನುಷ್ಯನಾಗಿದ್ದ.

ಬರೆಯಲು ಶುರುಮಾಡಿ ಒಂದು ತಿಂಗಳಾಗಿತ್ತು. ದಿನಾ ಅದೇ ಮೈನಸ್ ಇಪ್ಪತ್ತು. ನೋಡುವುದೇನು ಅಂತ ನಾಲ್ಕು ದಿನ ನೋಡದೆ ಬರೆದುಬಿಟ್ಟೆ. ನಾಲ್ಕನೇ ದಿನ ಅವನು ಫ್ರೀಜರ್ ನೋಡಿದ. ಮೈನಸ್ ಹದಿನಾಲ್ಕು ತೋರಿಸುತ್ತಿತ್ತು. ಆ ಉಗುರಿನಿಂದ ನನ್ನ ಇಪ್ಪತ್ತರ ಮೇಲೆ ಕಾಗದ ಹರಿಯುವ ಹಾಗೆ ಗೀರಿದ.

“ಕಂಡದ್ದು ಬರಿ. ಇರಬೇಕಾದ್ದು ಬರೀಬೇಡ. ಇರಬೇಕಾದ್ದು ಬರೆಯೋಕೆ ಓದಿದವರು ಬೇಕಾದಷ್ಟು ಜನ ಇದೀವಿ.”

ಈ ಮಾತು ನೆನಪಿರಲಿ. ತಿದ್ದಿದರೆ ಪಕ್ಕದಲ್ಲಿ ತಿದ್ದಿದವರ ಸಹಿ ಇರಬೇಕು ಅನ್ನುವ ನಿಯಮವನ್ನೂ ಅವತ್ತೇ ಮಾಡಿದ.

ಅವನ ಕೈಕೆಳಗೆ ಒಬ್ಬಳು ಹುಡುಗಿ ಡಾಕ್ಟರ್ ಪದವಿಗೆ ಓದುತ್ತಿದ್ದಳು. ತೊಗರ್ಸಿಯವಳು, ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಬಾವು ಯಾಕೆ ಬರುತ್ತದೆ ಅನ್ನುವುದು ಅವಳ ಓದು. ರಕ್ತನಾಳದ ಒಳಗೋಡೆ ಸಡಿಲಾಗಿ ನೀರು ಸೋರಿದರೆ ಅಲ್ಲಿ ಊತ ಬರುತ್ತದಂತೆ. ಆ ಗೋಡೆಯನ್ನು ಬಿಗಿ ಮಾಡುವ ಒಂದು ಪ್ರೋಟೀನು ಇಲಿಯ ಮೈಯಲ್ಲೇ ಇದೆಯಂತೆ. ಅದನ್ನು ಬೇರೆ ಕಡೆ ತಯಾರು ಮಾಡಿ ಸೀಸೆಯಲ್ಲಿ ಕಳಿಸುತ್ತಾರೆ. ಅದನ್ನು ಊದಿದ ಇಲಿಗೆ ಚುಚ್ಚಿ, ಊತ ಇಳಿಯುತ್ತದೋ ಇಲ್ಲವೋ ನೋಡಬೇಕು.

ಒಂದು ವರ್ಷ ಅರ್ಜಿ ಬರೆದು ಬರೆದು ಆ ಸೀಸೆ ಬಂತು. ದೊಡ್ಡ ಬಿಳಿ ಡಬ್ಬಿ, ಒಳಗೆ ಹೊಗೆಯಾಡುವ ಮಂಜು, ಅದರ ಮಧ್ಯೆ ನನ್ನ ಹೆಬ್ಬೆರಳಿಗಿಂತ ಚಿಕ್ಕ ಸೀಸೆ. ನೋಡಿದರೆ ಖಾಲಿ.

“ಏನವ್ವ, ನಿನಗೆ ಗಾಳಿ ಕಳ್ಸ್ಯಾರೇನು?” ಅಂದೆ.

“ತಳದಾಗೈತೆ ಅಜ್ಜಿ, ಕಣ್ಣಿಗೆ ಕಾಣಲ್ಲ. ಉಪ್ಪಿನ ಒಂದು ಹರಳಿಗಿಂತ ಕಡಿಮೆ.”

“ಇದಕ್ಕೆ ಎಷ್ಟು ಇಲಿ ಕೊಂದರೋ.”

“ಒಂದೂ ಇಲ್ಲ. ಇಲಿ ಮೈಯಾಗಿನ ಅಚ್ಚು ಮಾತ್ರ ತಗಂಡು ಬೇರೆ ಜೀವಕೋಶದೊಳಗೆ ಇಡ್ತಾರೆ. ಅದು ತನ್ನದೇ ಅನ್ಕೊಂಡು ಮಾಡಿಕೊಡ್ತೈತೆ.”

“ಕೋಳಿ ಕಾವಿಗೆ ಬಾತುಮೊಟ್ಟೆ ಇಟ್ಟಂಗೆ.”

ಹುಡುಗಿ ನಕ್ಕಳು. ಅವನು ಅಲ್ಲೇ ಇದ್ದ. “ಅವಳಿಗೆಲ್ಲ ಯಾಕೆ ಹೇಳ್ತೀಯ? ಅವಳು ತೊಳೆದ್ರೆ ಸಾಕು” ಅಂದ.

ಹುಡುಗಿ ಅದನ್ನು ನೀರಿನಲ್ಲಿ ಕರಗಿಸಿ, ಕಿರುಬೆರಳಿನ ತುದಿಯಷ್ಟು ಪುಟ್ಟ ಹನ್ನೆರಡು ಕೊಳವೆಗೆ ಹಂಚಿ ಫ್ರೀಜರಿನಲ್ಲಿಟ್ಟಳು. ನನಗೆ ಒಂದೇ ಮಾತು ಹೇಳಿದಳು. ಇದು ಗಡ್ಡೆ ಕಟ್ಟಿಯೇ ಇರಬೇಕು. ಒಂದು ಸಲ ಕರಗಿ ಮತ್ತೆ ಗಡ್ಡೆ ಕಟ್ಟಿದರೆ ನೋಡಲಿಕ್ಕೆ ಹಾಗೇ ಇರುತ್ತದೆ, ಒಳಗೆ ಸತ್ತಿರುತ್ತದೆ. ಅವಳಿಗಿದ್ದ ಅವಧಿ ಆ ವರ್ಷದ ಕೊನೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಇದೊಂದು ಪ್ರಯೋಗ ಆಗಬೇಕು. ಇಪ್ಪತ್ತನಾಲ್ಕು ಇಲಿಗಳನ್ನು ನಾನು ಅದಕ್ಕೆಂದೇ ಬೇರೆ ಸಾಕಿದ್ದೆ. ವಿಜಯದಶಮಿಯ ಮರುದಿನ ಬೆಳಿಗ್ಗೆ ಚುಚ್ಚುವುದು ಅಂತ ನಿಗದಿಯಾಗಿತ್ತು. ಹುಡುಗಿ ಹಬ್ಬಕ್ಕೆ ಊರಲ್ಲೇ ಉಳಿದಳು.

ಇನ್ನು ಮೂಢನಂಬಿಕೆಯ ವೈರಿಯ ವಿಷಯಕ್ಕೆ ಬರುತ್ತೇನೆ. ಅದರ ಹಿಂದಿನ ವರ್ಷ ಲ್ಯಾಬಿನ ಒಂದು ಗಿರಗಿರ ತಿರುಗುವ ಯಂತ್ರ ಸುಟ್ಟುಹೋಗಿತ್ತು. ಆಯುಧಪೂಜೆಯ ದಿನ ಕುಂಕುಮ ಇಡದೇ ಇದ್ದದ್ದಕ್ಕೆ ಹೀಗಾಯಿತು ಅಂತ ಯಾರೋ ಅವನ ಕಿವಿಯಲ್ಲಿ ಊದಿದ್ದರು. ತರಗತಿಯಲ್ಲಿ ನಿಂಬೆಹಣ್ಣು ಕಟ್ಟುವವರನ್ನು ಆಡಿಕೊಳ್ಳುತ್ತಿದ್ದವನು ಈ ವರ್ಷ ತಾನೇ ನಿಂತು ಬಾಳೆಕಂದು ಕಟ್ಟಿಸಿದ. ತಕ್ಕಡಿಗೆ ಕುಂಕುಮ, ಸೂಕ್ಷ್ಮದರ್ಶಕಕ್ಕೆ ಸೇವಂತಿಗೆ, ಹೊರಗೆ ತನ್ನ ಕಾರಿಗೆ ಬೂದುಗುಂಬಳ. ಫ್ರೀಜರಿನ ಮೇಲೆ ದೇವರ ಫೋಟೊ ಇಟ್ಟು ಸುತ್ತ ಬಣ್ಣದ ದೀಪದ ಸರ ಬಿಟ್ಟ. ಸರಕ್ಕೆ ಪ್ಲಗ್ಗು ಬೇಕಲ್ಲ. ಆ ಗೋಡೆಗೆ ಇದ್ದದ್ದು ಒಂದೇ. ಫ್ರೀಜರಿನದನ್ನು ಕಿತ್ತು ದೀಪದ್ದನ್ನು ಹಾಕಿದ.

“ಸಾರ್, ಅದ್ರಾಗ ಹುಡುಗಿ ಔಷಧಿ ಐತ್ರೀ.”

“ಮಂಗಳಾರತಿ ಆಗೋವರೆಗೆ ಅಷ್ಟೆ. ಇವತ್ತು ಎಲ್ಲ ಯಂತ್ರಕ್ಕೂ ವಿಶ್ರಾಂತಿ ಕೊಡ್ತಾರೆ ಮಾರಾಯ್ತಿ, ಇದಕ್ಕೂ ಒಂದು ಅರ್ಧ ಗಂಟೆ ಇರ್ಲಿ. ನಿಂಗೆ ಎಷ್ಟು ಬೇಕೋ ಅಷ್ಟು ಮಾತಾಡು.”

ಮಂಗಳಾರತಿ ಆಯಿತು. ಮಂಡಕ್ಕಿ, ಕಡಲೆ ಹಂಚಿದರು. ದೀಪ ಮಿಣಮಿಣ ಅನ್ನುತ್ತಿತ್ತು. ಅವನು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡ. ನಾನು ಆಗ ಹೋಗಿ ಪ್ಲಗ್ಗು ಬದಲಿಸಬಹುದಿತ್ತು. ಯಾರೂ ಕೈ ಹಿಡಿಯುತ್ತಿರಲಿಲ್ಲ. ‘ಎಷ್ಟು ಬೇಕೋ ಅಷ್ಟು ಮಾತಾಡು’ ಅಂದಿದ್ದನಲ್ಲ, ಆ ಹಟಕ್ಕೆ ಮಂಡಕ್ಕಿ ಗಂಟು ಕಟ್ಟಿಕೊಂಡು ಮನೆಗೆ ಹೋದೆ. ಸಂಜೆಯ ಅಂಕಿಯನ್ನೂ ಬರೆಯಲಿಲ್ಲ. ಇದು ನನ್ನ ಪಾಲಿನ ತಪ್ಪು. ಅವನದಕ್ಕಿಂತ ಚಿಕ್ಕದೇನಲ್ಲ.

ವಿಜಯದಶಮಿಯ ದಿನ ಕಾಲೇಜಿಗೆ ರಜೆ. ಇಲಿಗಳಿಗೆ ರಜೆ ಇಲ್ಲ, ಬೆಳಿಗ್ಗೆ ಕಾಳು ಹಾಕಲು ಹೋದೆ. ಬೀಗ ತೆಗೆದರೆ ದೀಪದ ಸರ ಇನ್ನೂ ಉರಿಯುತ್ತಿದೆ. ಪ್ರಸಾದದ ತಟ್ಟೆ ಇಡಲು ಫ್ರೀಜರಿನ ಮುಚ್ಚಳ ಒಂದು ಗೇಣು ಸರಿಸಿದ್ದು ಹಾಗೇ ಇದೆ. ಕೆಳಗೆ ನೀರು ಹರಿದಿದೆ. ಪ್ಲಗ್ಗು ಬದಲಿಸಿದೆ. ಕೆಂಪು ಅಂಕಿ ಹೊತ್ತಿತು. ಹನ್ನೊಂದು. ಹಿಂದೆ ಅಡ್ಡಗೆರೆ ಇಲ್ಲ. ಕೊಳವೆಗಳನ್ನು ಎತ್ತಿ ಓರೆ ಮಾಡಿದೆ. ಎಲ್ಲದರಲ್ಲೂ ಹನಿ ಅಲುಗಾಡಿತು.

ಪುಸ್ತಕದಲ್ಲಿ ಅಡ್ಡಗೆರೆ ಎಳೆದು, ಮೇಲೆ ನಿಂತ ಗೆರೆ ಎಳೆದು, ಹನ್ನೊಂದು ಅಂತ ಬರೆದು ಸಹಿ ಹಾಕಿದೆ. ಅವನಿಗೆ ಫೋನು ಮಾಡಿದೆ.

“ಸಾರ್, ಫ್ರೀಜರ್ ಹನ್ನೊಂದು ತೋರಸ್ತೈತಿ. ನೀರಿನೊಳಗಿನ ಹನ್ನೊಂದಲ್ರೀ, ಮೇಲಿನ ಹನ್ನೊಂದು.”

ಅವನು ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಆಮೇಲೆ, “ಯಾರಿಗೂ ಹೇಳ್ಬೇಡ. ಕರೆಂಟು ಹಾಕಿದೀಯಲ್ಲ? ಸಾಕು. ಗಡ್ಡೆ ಕಟ್ತದೆ” ಅಂದ.

ಅವತ್ತು ಸಂಜೆ, ಇನ್ನೂ ಹೊತ್ತು ಮುಳುಗಿರಲಿಲ್ಲ, ನಮ್ಮ ಓಣಿಯಲ್ಲಿ ಅವನ ಕಾರು ನಿಂತಿತು. ಬಾನೆಟ್ಟಿನ ಮೇಲೆ ಹಿಂದಿನ ದಿನದ ಕುಂಕುಮ ಇನ್ನೂ ಇತ್ತು. ಹದಿಮೂರು ವರ್ಷದಲ್ಲಿ ಮೊದಲ ಸಲ ನನ್ನ ಹೊಸ್ತಿಲು ತುಳಿದ. ಒಂದು ಕೈಯಲ್ಲಿ ಬನ್ನಿ ಸೊಪ್ಪು, ಇನ್ನೊಂದು ಕೈಯಲ್ಲಿ ಚೀಲ.

“ಬನ್ನಿ ತಗೊಳ್ಳಿ ಅಮ್ಮ. ಬಂಗಾರದ ಹಾಗೆ ಇರೋಣ.”

‘ಅಮ್ಮ’ ಅಂದ. ‘ತಗೊಳ್ಳಿ’ ಅಂದ. ಆಗಲೇ ನನಗೆ ತಿಳಿಯಿತು, ಬಂದ ಕೆಲಸ ಹೊಲಸು ಅಂತ. ಆದರೆ ಬನ್ನಿ ಕೊಟ್ಟರೆ ಬೇಡ ಅನ್ನುವ ಹಾಗಿಲ್ಲ. ಹಗೆಯವನು ಕೊಟ್ಟರೂ ತೆಗೆದುಕೊಳ್ಳಬೇಕು, ಹಳೆಯದನ್ನು ಮರೆಯಬೇಕು, ಅದು ರೂಢಿ. ಅವನು ಅದನ್ನು ಎಣಿಸಿಯೇ ಬಂದಿದ್ದ. ತೆಗೆದುಕೊಂಡೆ.

ಚೀಲದಿಂದ ಫ್ರೀಜರಿನ ಪುಸ್ತಕ ಬಂತು, ತಪ್ಪು ಅಳಿಸುವ ಬಿಳಿ ಮಸಿಯ ಸಣ್ಣ ಡಬ್ಬಿಯೂ ಬಂತು.

“ಆ ನಿಂತ ಗೆರೆ ಒಂದನ್ನ ಅಳಿಸಿ, ಪಕ್ಕದಲ್ಲಿ ನಿಮ್ಮ ಸಹಿ ಹಾಕಿ. ಮೈನಸ್ ಹನ್ನೊಂದು ಆಗ್ತದೆ. ಅಷ್ಟಾದ್ರೆ ಯಾರೂ ಕೇಳಲ್ಲ.”

“ನಾಳೆ ಹುಡುಗಿ ಅದನ್ನ ಚುಚ್ತಾಳಲ್ರೀ.”

“ಚುಚ್ಚಲಿ. ಪ್ರೋಟೀನು ಗಟ್ಟಿ ಇರ್ತದೆ, ಕೆಲಸ ಮಾಡಿದ್ರೂ ಮಾಡಬಹುದು.”

“ಮಾಡ್ಲಿಲ್ಲಂದ್ರ?”

ಆ ಉಗುರಿನಿಂದ ಕಾರಿನ ಕೀಲಿಯನ್ನು ಕೆರೆಯುತ್ತಿದ್ದ. “ಹುಡುಗಿ ಕೈ ಸರಿ ಇರಲಿಲ್ಲ ಅಂತ ಆಗ್ತದೆ. ಹೊಸಬರ ಕೈಯಲ್ಲಿ ಎಷ್ಟೋ ಕೆಡ್ತದೆ. ಆದ್ರೆ ನಾನು ಪ್ಲಗ್ ಕಿತ್ತೆ ಅಂತ ಕಮಿಟಿಗೆ ಗೊತ್ತಾದ್ರೆ ನನ್ನ ಹೆಡ್‌ಗಿರಿ ಉಳಿಯಲ್ಲ. ನಿಮ್ಮ ಕೆಲಸ ಖಾಯಂ ಮಾಡೋಕೆ ನಾನೇ ಹೇಳ್ತೀನಿ.”

“ನೀವ ಅಂದಿದ್ರಿ, ಕಂಡದ್ದು ಬರಿ ಅಂತ.”

“ಅಂದಿದ್ದೆ ಮಾರಾಯ್ತಿ. ಎಲ್ಲ ಮಾತನ್ನೂ ಎಲ್ಲ ದಿನಾನೂ ಹಿಡ್ಕೊಂಡು ಕೂರಬಾರದು.”

ಇಲಿ ಸತ್ತರೆ ಅಳುವವಳಲ್ಲ ನಾನು. ಮನೆಯಲ್ಲಿ ಬೋನು ಇಟ್ಟು ಎಷ್ಟನ್ನು ಕೊಂದಿದ್ದೇನೋ. ಆದರೆ ಇಪ್ಪತ್ತನಾಲ್ಕನ್ನು ಸಾಕಿ, ಸತ್ತ ನೀರು ಚುಚ್ಚಿ, ಕೊಯ್ದು, ಆಮೇಲೆ ಅವುಗಳ ಹೆಣವನ್ನು ಒಬ್ಬ ಹುಡುಗಿಯ ತಲೆಗೆ ಕಟ್ಟುವುದು, ಅದು ಬೋನಿಗಿಂತ ಹೇಸಿಗೆ.

“ಸಂಜಿ ಬೆಳಕಿಗೆ ಕಣ್ಣು ಮಬ್ಬು ಸಾರ್. ಗೆರೆ ತಪ್ಪಿದ್ರ ಇನ್ನೂ ಹೊಲಸಾಗ್ತೈತಿ. ಇಟ್ಟು ಹೋಗ್ರಿ, ಬೆಳಿಗ್ಗೆ ನೋಡ್ತೀನಿ.”

ನಂಬಿದ. ಬನ್ನಿ ತೆಗೆದುಕೊಂಡಿದ್ದೆನಲ್ಲ. ಮಗಳು ಕೊಟ್ಟ ಚಹಾ ಕುಡಿದು, ಸಕ್ಕರೆ ಜಾಸ್ತಿ ಅಂತ ಹೇಳಿ ಹೋದ.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ನನ್ನ ಕೆಲಸ ಖಾಯಂ ಆಗಲಿಲ್ಲ, ಯುಗಾದಿ ಹೊತ್ತಿಗೆ ಬಿಡಿಸಿದರು. ಹುಡುಗಿ ಇನ್ನು ಆರು ತಿಂಗಳು ಅವಧಿ ಕೇಳಿ ಪಡೆದಳು. ಹೊಸ ಸೀಸೆ ಬಂತು. ಅದನ್ನು ಬೇಡಿ ಬರೆದ ಕಾಗದಕ್ಕೆ ಅವನೇ ಸಹಿ ಮಾಡಬೇಕಾಯಿತು. ಕಾರಣ ಅಂತ ಇದ್ದಲ್ಲಿ ‘ಕರೆಂಟು ಹೋದದ್ದರಿಂದ’ ಅಂತ ಬರೆದನಂತೆ. ಊರಿನ ಕರೆಂಟಿನವರು ಆ ಎರಡು ದಿನ ಹಬ್ಬಕ್ಕೆಂದು ಒಂದು ಗಳಿಗೆಯೂ ಕರೆಂಟು ತೆಗೆದಿರಲಿಲ್ಲ. ಇರಬೇಕಾದ್ದು ಬರೆಯಲು ಓದಿದವರು ಬೇಕಾದಷ್ಟು ಜನ ಇದ್ದಾರೆ ಅಂತ ಅವನೇ ಹೇಳಿದ್ದನಲ್ಲ. ಹುಡುಗಿ ಈಗ ಶಿವಮೊಗ್ಗದಲ್ಲಿ ಪಾಠ ಹೇಳುತ್ತಾಳೆ. ಈ ಬರಹದ ಅಕ್ಷರದ ತಪ್ಪು ತಿದ್ದಿದವಳು ಅವಳೇ. ಮಾತು ತಿದ್ದಬೇಡ ಅಂದಿದ್ದೇನೆ. ರಕ್ತನಾಳದ ಮೇಲೆ ಓದಿಸುತ್ತಿದ್ದವನು ತಲೆಯ ರಕ್ತನಾಳ ಕಟ್ಟಿಯೇ ಹೋದ. ಅದಕ್ಕೆ ನಾನು ಖುಷಿಪಡಲಿಲ್ಲ, ಮರುಗಲೂ ಇಲ್ಲ.

ಆದರೆ ಒಂದು ಋಣ ಅಂಟಿಕೊಂಡಿದೆ, ತೊಳೆದರೂ ಹೋಗುವುದಿಲ್ಲ. ನನಗೀಗ ಸಕ್ಕರೆ ಕಾಯಿಲೆ. ಬೆರಳು ಚುಚ್ಚಿ ಬಂದ ಅಂಕಿಯನ್ನು ಪುಸ್ತಕದಲ್ಲಿ ಬರೆಯಲು ಡಾಕ್ಟರಮ್ಮ ಹೇಳಿದ್ದಾರೆ. ಮೊನ್ನೆ ಇನ್ನೂರ ನಲವತ್ತು ಬಂತು. ಮಗಳು, “ಅವ್ವ, ನೂರ ನಲವತ್ತು ಅಂತ ಬರಿ, ಡಾಕ್ಟ್ರು ಬೈತಾರೆ” ಅಂದಳು. ಇನ್ನೂರ ನಲವತ್ತು ಅಂತಲೇ ಬರೆದೆ. ಹೋಳಿಗೆ ತಿಂದದ್ದು ನಾನೇ. ಬರೆಯುವಾಗ ಆ ಹಳದಿ ಉಗುರು ಕಣ್ಣ ಮುಂದೆ ಬಂತು. ಅಂಥ ಮಾತು ಅಂಥವನ ಬಾಯಿಂದ ಯಾಕೆ ಬಂತೋ ತಿಳಿಯದು. ಹೊಲಸು ಕೊಡದಲ್ಲಿ ಕೊಟ್ಟರೂ ನೀರು ನೀರೇ, ಕುಡಿದಿದ್ದೇನೆ.

ಬನ್ನಿ ಕೊಟ್ಟು ಹೋದ ಮರುದಿನ ಬೆಳಿಗ್ಗೆ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಏಳಕ್ಕೆ ಲ್ಯಾಬಿಗೆ ಹೋದೆ. ಹುಡುಗಿ ಮೊದಲ ಬಸ್ಸಿಗೆ ಬಂದಿದ್ದಳು. ಹನ್ನೆರಡು ಕೊಳವೆಗಳನ್ನು ಮಂಜುಗಡ್ಡೆಯ ತಟ್ಟೆಯಲ್ಲಿ ಸಾಲಾಗಿ ಚುಚ್ಚಿಟ್ಟು ಕೈಗವಸು ಹಾಕಿಕೊಳ್ಳುತ್ತಿದ್ದಳು. “ಅಜ್ಜಿ, ಮೊದಲನೇ ಪಂಜರ ತಗಂಡು ಬರ್ರಿ” ಅಂದಳು. ನಾನು ಪಂಜರ ತರಲಿಲ್ಲ. ಪುಸ್ತಕ ಬಿಚ್ಚಿ, ಆ ಪುಟ ಮಡಚಿಕೊಳ್ಳದ ಹಾಗೆ ಅವನು ಕೊಟ್ಟ ಬನ್ನಿಯ ಕಡ್ಡಿಯನ್ನು ಮೇಲಿಟ್ಟು, ಅವಳ ಮುಂದೆ ಸರಿಸಿದೆ. ಅಳಿಸದ ನಿಂತ ಗೆರೆಯ ಆ ಹನ್ನೊಂದನ್ನು ಅವಳು ನೋಡಿದಳು. ಒಂದು ಕೈಗೆ ಹಾಕಿದ್ದ ಗವಸನ್ನು ಮೆಲ್ಲಗೆ ತೆಗೆದಳು. ನಾನು ಫ್ರೀಜರಿನ ಹತ್ತಿರ ಹೋಗಿ ಕನ್ನಡಕ ಏರಿಸಿ ನೋಡಿದೆ. ಮೈನಸ್ ಹದಿನೆಂಟು ತೋರಿಸುತ್ತಿತ್ತು. ವಾಪಸ್ಸು ಬಂದು, ಅವಳ ಕೈಕೆಳಗಿನಿಂದ ಪುಸ್ತಕವನ್ನು ಅಷ್ಟೇ ಅಷ್ಟು ಎಳೆದುಕೊಂಡು, ಮೈನಸ್ ಹದಿನೆಂಟು ಅಂತ ಬರೆದು ಸಹಿ ಹಾಕಿದೆ.